ಚಿಕನ್ ಕೀಶ್ ಮನೇಲಿ ಮಾಡೋದಾದ್ರೆ ತಳ ಒದ್ದೆ ಆಗ್ದೇ ಇರೋಕೆ ಏನ್ ಮಾಡ್ಬೇಕು?

ಒಂಟಿಕೊಪ್ಪಲ್_ಸೊಸೆ
ಎಲ್ರಿಗೂ ನಮಸ್ಕಾರ. ಈ ಭಾನುವಾರ ನಮ್ ನಾದಿನಿ ಮನೆಯವ್ರು ಊಟಕ್ಕೆ ಬರ್ತಿದಾರೆ, ಬಿರಿಯಾನಿ ಚಾಪ್ಸು ಎಲ್ಲಾ ಅತ್ತೆ ಡಿಪಾರ್ಟ್‌ಮೆಂಟು, ನಂಗೆ "ನೀನು ನಿನ್ ಓವನ್ದು ಏನಾದ್ರೂ ಮಾಡಮ್ಮ" ಅಂದಿದಾರೆ. ಗೋಕುಲಂ ಕಡೆ ಒಂದ್ ಕೆಫೆಲಿ ಚಿಕನ್ ಕೀಶ್ (ಹಿಟ್ಟಿನ ತಳದ ಮೇಲೆ ಚಿಕನ್, ಮೊಟ್ಟೆ, ಕ್ರೀಮ್ ಹುಯ್ದು ಬೇಕ್ ಮಾಡೋ ಫ್ರೆಂಚ್ ತಿನಿಸು) ತಿಂದಿದ್ದೆ, ಮೇಲ್ಗಡೆ ಸೂಪರ್ ಆದ್ರೆ ತಳ ಮಾತ್ರ ನೆನೆದ ಬಿಸ್ಕತ್ತು. ಅದನ್ನೇ ಸರಿಯಾಗಿ ಮಾಡೋಣ ಅಂತ ಆಸೆ. ಮನೇಲಿ 28 ಲೀಟರ್ ಓಟಿಜಿ (ಕರೆಂಟ್ ಓವನ್) ಇದೆ, 9 ಇಂಚಿನ ಕೇಕ್ ಟಿನ್ ಇದೆ, ತಳ ಬಿಚ್ಚೋ ಟಾರ್ಟ್ ಟಿನ್ ಇಲ್ಲ. ಚಿಕನ್ ಹಸಿದೇ ಹಾಕೋದಾ ಬೇಯಿಸಿ ಹಾಕೋದಾ? ಕ್ರೀಮ್ ಎಷ್ಟು ಹಾಲು ಎಷ್ಟು? ಬೇಕರಿಯವ್ರ ಹತ್ರ ಪಫ್ಸ್ ಹಿಟ್ಟು ಕೇಳಿದ್ರೆ ಕೊಡ್ತಾರೆ, ಅದೇ ತಳಕ್ಕೆ ಹಾಕಿದ್ರೆ ನಡೆಯತ್ತಾ? ಇನ್ನೊಂದು, ನಮ್ ಮಾವಂಗೆ ಮೊಟ್ಟೆ ವಾಸನೆ ಹೊಡೆದ್ರೆ ತಟ್ಟೆ ಪಕ್ಕಕ್ಕೆ ಸರ್ಸ್‌ಬಿಡ್ತಾರೆ 🙏

ಸಕ್ಕರೆನಾಡ್_ಹೈದ
ಅಕ್ಕೋ ಇಷ್ಟೊಂದ್ ಯಾಕ್ ತಲೆ ಕೆಡಿಸ್ಕತೀರಾ, ಮನೇಲಿ ಚಿಕನ್ ಸಾರ್ ಮಾಡಿರ್ತೀರಲ್ಲ ಅದ್ನೇ ಮೊಟ್ಟೆ ಜೊತೆ ಕಲ್ಸ್‌ಬುಟ್ಟು ಒಳಿಕ್ಕೆ ಇಟ್ಬುಡಿ, ನಾಟಿ ಕೋಳಿ ಆದ್ರೆ ಇನ್ನೂ ಚೆಂದಾಗಿರ್ತದೆ. ಮೈದಾ ಬದ್ಲು ರಾಗಿ ಹಿಟ್ಟು. ಮಂಡ್ಯ ಸ್ಟೈಲ್ ಕೀಶ್ 😄

ಬೆಣ್ಣೆ_ತುರಿ
ಹೈದ ಅವ್ರೆ ರಾಗಿ ಮಾತು ತಮಾಷೆಗೆ ಹೇಳಿದ್ರೂ ಅದು ತಪ್ಪೇನಲ್ಲ, ಆಮೇಲೆ ಹೇಳ್ತೀನಿ, ಆದ್ರೆ ಸಾರು ಮಾತ್ರ ಖಂಡಿತ ಬೇಡ.

ಒಂಟಿಕೊಪ್ಪಲ್ ಅಕ್ಕ, ತಳ ಒದ್ದೆ ಆಗೋಕೆ ಎರಡೇ ಕಾರಣ. ಹಿಟ್ಟನ್ನ ಮೊದ್ಲೇ ಖಾಲಿಯಾಗಿ ಬೇಕ್ ಮಾಡಿರಲ್ಲ, ಇಲ್ಲ ಅಂದ್ರೆ ಒಳಗಿನ ಸಾಮಾನು ನೀರು ಬಿಡತ್ತೆ. ಸುಮಾರು ಜನ ಮೊದಲನೇದನ್ನ ಟೈಮ್ ವೇಸ್ಟ್ ಅಂತ ಬಿಟ್‌ಬಿಡ್ತಾರೆ, ನನ್ ಪ್ರಕಾರ ಅದನ್ನ ಬಿಡೋದಾದ್ರೆ ಕೀಶ್ ಮಾಡೋದೇ ಬೇಡ, ಮಸಾಲೆ ಆಮ್ಲೆಟ್ ಮಾಡಿ ಖುಷಿಯಾಗಿರಿ.

ಹಿಟ್ಟಿಗೆ ಮೈದಾ 200 ಗ್ರಾಂ, ಬೆಣ್ಣೆ 100 ಗ್ರಾಂ, ಉಪ್ಪು ಅರ್ಧ ಚಮಚ (ಉಪ್ಪಿರೋ ಬೆಣ್ಣೆ ಆದ್ರೆ ಉಪ್ಪು ಬೇಡ). ಈಗಿನ ಸೆಕೆಗೆ ಬೆಣ್ಣೆ ಕೈಗೆ ತಗೊಂಡ ತಕ್ಷಣ ಕರಗತ್ತೆ, ಅದಕ್ಕೆ ಫ್ರೀಜರಲ್ಲಿ ಕಲ್ಲಾಗೋ ಹಾಗೆ ಇಟ್ಟು ಕ್ಯಾರೆಟ್ ತುರಿಯೋ ತುರಿಮಣೆಲಿ ಸೀದಾ ಮೈದಾ ಮೇಲೇ ತುರೀರಿ. ಬೆರಳ ತುದಿಲಿ ಬೇಗ ಬೇಗ ಉಜ್ಜಿ, ಪೂರ್ತಿ ನುಣ್ಣಗೆ ಮಾಡ್ಬೇಡಿ, ಬೆಣ್ಣೆ ತುಣುಕು ಅಲ್ಲಲ್ಲಿ ಕಾಣ್ಲಿ. ಐಸ್ ನೀರು ಮೂರು ನಾಲ್ಕು ದೊಡ್ಡ ಚಮಚ, ಉಂಡೆ ಕಟ್ಟೋವಷ್ಟು ಮಾತ್ರ. ಚಪಾತಿ ಹಿಟ್ಟು ನಾದೋ ಕೈ ನಮ್ದು, ಇಲ್ಲೂ ನಾದೋಕೆ ಹೋಗ್ತೀವಿ, ನಾದಿದ್ರೆ ಗ್ಲುಟನ್ (ಹಿಟ್ಟಿಗೆ ಜಿಗುಟು ಕೊಡೋ ಅಂಶ) ಎಳೆ ಗಟ್ಟಿಯಾಗಿ ಓವನಲ್ಲಿ ಹಿಟ್ಟು ಮುದುರ್ಕೊಳತ್ತೆ, ಅಂಚು ಕೆಳಗಿಳಿಯತ್ತೆ. ತಟ್ಟಿ ಮುಚ್ಚಿ ಅರ್ಧ ಗಂಟೆ ಫ್ರಿಜ್ಜಲ್ಲಿಡಿ, ಲಟ್ಟಿಸಿ ಟಿನ್ನಿಗೆ ಕೂರಿಸಿದ ಮೇಲೆ ಮತ್ತೆ 20 ನಿಮಿಷ.

ಆಮೇಲೆ ತಳಕ್ಕೆ ಫೋರ್ಕಲ್ಲಿ ಚುಚ್ಚಿ, ಬೇಕಿಂಗ್ ಪೇಪರ್ ಹಾಸಿ, ಅದ್ರ ಮೇಲೆ ಅಂಚಿನವರೆಗೂ ರಾಜ್ಮಾನೋ ಹುರುಳಿಕಾಳೋ ತುಂಬಿ 200 ಡಿಗ್ರಿಲಿ 15 ನಿಮಿಷ. ಪೇಪರ್ ಸಮೇತ ಕಾಳು ತೆಗೆದು ತಳ ಒಣಗಿದಂಗೆ ಕಾಣೋವರೆಗೂ ಇನ್ನೊಂದ್ 8-10 ನಿಮಿಷ. ಈಚೆ ತೆಗೆದ ತಕ್ಷಣ ಒಡೆದ ಮೊಟ್ಟೆ ಸ್ವಲ್ಪ ಬ್ರಷ್ಷಲ್ಲಿ ತಳಕ್ಕೆ ಸವರಿ ಎರಡು ನಿಮಿಷ ವಾಪಸ್ ಇಟ್ರೆ ಚುಚ್ಚಿದ ತೂತೆಲ್ಲ ಮುಚ್ಕೊಳತ್ತೆ. ಆ ಕಾಳನ್ನ ಡಬ್ಬಿಲಿ ಬೇರೆ ಎತ್ತಿಡಿ, ಮುಂದಿನ ಸಲಕ್ಕೆ ಬರತ್ತೆ, ಗೊತ್ತಿಲ್ದೆ ಯಾರಾದ್ರೂ ಬಸ್ಸಾರಿಗೆ ಹಾಕಿದ್ರೆ ಎಷ್ಟು ಕೂಗಿಸಿದ್ರೂ ಸರಿಯಾಗಿ ಬೇಯಲ್ಲ!

ಚಿಕನ್ ಬೇಯಿಸೇ ಹಾಕ್ಬೇಕು. ಹಸಿದು ಹಾಕಿದ್ರೆ ಅದು ಬಿಡೋ ನೀರೆಲ್ಲ ನೇರ ತಳಕ್ಕೆ. ಬೋನ್‌ಲೆಸ್ 250 ಗ್ರಾಂ, ತೊಡೆ ಭಾಗ ಆದ್ರೆ ಮೆತ್ತಗಿರತ್ತೆ, ಚಿಕ್ಕದಾಗಿ ಹೆಚ್ಚಿ ಬೆಳ್ಳುಳ್ಳಿ, ಕುಟ್ಟಿದ ಮೆಣಸು, ಉಪ್ಪು ಹಾಕಿ ಪೂರ್ತಿ ಬೆಂದು ನೀರು ಆರೋವರೆಗೂ ಹುರೀರಿ. ಈರುಳ್ಳಿ ಎರಡು ಉದ್ದುದ್ದ ಹೆಚ್ಚಿ ಸಣ್ಣ ಉರೀಲಿ ಕಂದು ಬಣ್ಣ ಬರೋವರೆಗೂ ಬಾಡಿಸಿ. ಎರಡೂ ಪೂರ್ತಿ ತಣ್ಣಗಾಗ್ಬೇಕು. ಅಣಬೆ ಪಾಲಕ್ ಹಾಕೋರು ಮೊದ್ಲು ಬಾಡಿಸಿ ಹಿಂಡಿ ಹಾಕ್ಬೇಕು.

ಮೊಟ್ಟೆ 3, ಹಾಲು 200 ಎಂಎಲ್, ಕ್ರೀಮ್ 150 ಎಂಎಲ್. ಲೆಕ್ಕ ಏನಂದ್ರೆ ಒಂದು ಮೊಟ್ಟೆಗೆ ಸುಮಾರು 120 ಎಂಎಲ್. ನೀಲಿ ಪ್ಯಾಕೆಟ್ ನಂದಿನಿ ಬೇಡ, ಅದ್ರಲ್ಲಿ 3% ಕೊಬ್ಬು ಅಷ್ಟೇ, ಶುಭಂ (4.5%) ಇಲ್ಲ ಸಮೃದ್ಧಿ (6%) ತಗೊಳಿ. ಕ್ರೀಮಿಗೆ ಅಮುಲ್ ಫ್ರೆಶ್ ಕ್ರೀಮ್ 25% ಇರತ್ತೆ, ಸಾಕು. ಇನ್ನು ನಿಮ್ ಮಾವನ ವಿಷ್ಯ: ಮೊಟ್ಟೆ ಜಾಸ್ತಿ ಬೆಂದಾಗ್ಲೇ ಆ ಗಂಧಕದ ವಾಸನೆ ಬರೋದು. ಹಾಗಾಗಿ ಕಲಸಿದ್ದನ್ನ ಜರಡೀಲಿ ಸೋಸಿ, ಚಿಟಿಕೆ ಜಾಯಿಕಾಯಿ ತುರಿ, ಮೆಣಸು ಹಾಕಿ, ಹುಯ್ದ ಮೇಲೆ ಓವನ್ 165ಕ್ಕೆ ಇಳಿಸಿ, 35-40 ನಿಮಿಷ. ಅಂಚು ಗಟ್ಟಿ, ನಡೂ ಭಾಗ ಇನ್ನೂ ಗಿಣ್ಣಿನ ಥರ ತುಳುಕ್ತಿರ್ಬೇಕು, ಆಗ್ಲೇ ತೆಗೀಬೇಕು, ಉಳಿದಿದ್ದು ಹೊರಗಿನ ಬಿಸೀಲೇ ಆಗತ್ತೆ. ಥರ್ಮಾಮೀಟರ್ ಇದ್ರೆ ನಡುವೆ 77-80 ಡಿಗ್ರಿ. ಅದಕ್ಕಿಂತ ತುಂಬಾ ಮೇಲೆ ಹೋದ್ರೆ ಮೊಟ್ಟೆ ಬಿಗಿದು ನೀರು ಕಕ್ಕತ್ತೆ, ಮತ್ತೆ ತಳ ಒದ್ದೆ.

ಚೀಸ್ 60-70 ಗ್ರಾಂ ತುರಿದು ಅರ್ಧ ತಳಕ್ಕೆ ಅರ್ಧ ಮೇಲೆ.

ಪಫ್ಸ್ ಹಿಟ್ಟು ನಾನಂತೂ ಹಾಕಲ್ಲ. ಅದು ಪದರ ಪದರ ಮೇಲೆದ್ದು ಜಾಗ ತಿನ್ನತ್ತೆ, ಮೇಲೆ ಮೊಟ್ಟೆ ಹುಯ್ದಿದ್ರಿಂದ ಏಳೋಕೂ ಆಗ್ದೆ ಅರ್ಧಂಬರ್ಧ ಬೇಯತ್ತೆ. ಬೆಣ್ಣೆ ಬದ್ಲು ಡಾಲ್ಡಾ ಹಾಕಿದ್ರಂತೂ ತಣ್ಣಗಾದ್ಮೇಲೆ ಅಂಗುಳಕ್ಕೆ ಮೆತ್ಕೊಳತ್ತೆ.

ಕುವೆಂಪುನಗರ_3ನೇ_ಹಂತ
ಮೇಲಿನವ್ರು ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಓಟಿಜಿ ಅಂದಿದ್ದು ಒಳ್ಳೇದಾಯ್ತು, ಸುಮಾರು ಕನ್ವೆಕ್ಷನ್ ಮೈಕ್ರೋವೇವಲ್ಲಿ ಕೆಳಗಡೆ ರಾಡ್ ಇರಲ್ಲ, ಬಿಸಿಗಾಳಿ ಅಷ್ಟೇ, ಅದ್ರಲ್ಲಿ ತಳ ಬಣ್ಣ ಬರೋದು ಕಷ್ಟ. ಟಿನ್ನನ್ನ ಕೆಳಗಿನ ರ್‍ಯಾಕಲ್ಲಿಡಿ, ಖಾಲಿ ಬೇಕ್ ಮಾಡುವಾಗ ಓಟಿಜಿ ಟ್ರೇನೂ ಒಳಗೇ ಕಾಯಿಸಿ ಅದ್ರ ಮೇಲೇ ಟಿನ್ ಇಟ್ರೆ ತಳಕ್ಕೆ ಒಳ್ಳೆ ಶಾಖ ಸಿಗತ್ತೆ. ಗಾಜಿನ ಪಾತ್ರೆ ನಿಧಾನ. ಟಾರ್ಟ್ ಟಿನ್ ಇಲ್ಲ ಅಂದ್ರೆ ಕೇಕ್ ಟಿನ್ನಿಗೆ ಬೇಕಿಂಗ್ ಪೇಪರಿನ ಎರಡು ಪಟ್ಟಿ ಅಡ್ಡಡ್ಡ ಹಾಕಿ ತುದಿ ಹೊರಗೆ ಬಿಡಿ, ಎತ್ತೋಕೆ ಹಿಡಿ ಆಗತ್ತೆ. ದೇವರಾಜ ಮಾರ್ಕೆಟ್ ಸುತ್ತಮುತ್ತ ಪಾತ್ರೆ ಅಂಗಡಿಗಳಲ್ಲೂ ಒಂದ್ಸಲ ಕೇಳಿ ನೋಡಿ.

ಸಕ್ಕರೆನಾಡ್_ಹೈದ
ಸರಿ ಸಾರ್ ಬೇಡ ಬುಡಿ 😅 ಆದ್ರೆ ರಾಗಿ ವಿಷ್ಯ ಹೇಳ್ತೀನಿ ಅಂದ್ರಲ್ಲ? ನಮ್ಮನೇಲಿ ಮೈದಾ ತರಕೇ ಬುಡಲ್ಲ ನಮ್ಮವ್ವ. ನಾಟಿ ಮೊಟ್ಟೆ ಹಾಕ್ಬೋದಾ?

ಬೆಣ್ಣೆ_ತುರಿ
ಪೂರ್ತಿ ರಾಗಿ ಆದ್ರೆ ಗ್ಲುಟನ್ ಇಲ್ದೆ ಕೈಗೇ ಪುಡಿಪುಡಿ ಬರತ್ತೆ. 200 ಗ್ರಾಮಲ್ಲಿ 50 ಗ್ರಾಂ ರಾಗಿ ಇರ್ಲಿ, ಉಳಿದದ್ದು ಮೈದಾ, ಅವ್ವ ಒಪ್ಪಲ್ಲ ಅಂದ್ರೆ ಗೋಧಿ ಹಿಟ್ಟು, ಗೋಧಿಗೆ ನೀರು ಒಂದು ಚಮಚ ಜಾಸ್ತಿ ಹಿಡಿಯತ್ತೆ. ಲಟ್ಟಿಸೋಕೆ ಹೋದ್ರೆ ಬಿರಿಯತ್ತೆ, ಅಕ್ಕಿರೊಟ್ಟಿ ತಟ್ಟೋ ಕೈ ಇದ್ಯಲ್ಲ, ಟಿನ್ನಲ್ಲೇ ತಟ್ಬಿಡಿ. ಮೆಣಸು ಹಾಕಿದ ಚಿಕನ್ನಿಗೆ ರಾಗಿ ರುಚಿ ನಿಜವಾಗ್ಲೂ ಹೊಂದತ್ತೆ, ನಂಗಂತೂ ಬರೀ ಮೈದಾಗಿಂತ ಇದೇ ಇಷ್ಟ. ನಾಟಿ ಮೊಟ್ಟೆ ಚಿಕ್ಕದು, ಮೂರರ ಜಾಗಕ್ಕೆ ನಾಲ್ಕು ಹಾಕಿ. ನಾಟಿ ಕೋಳಿ ಮಾತ್ರ ಕುಕ್ಕರಲ್ಲಿ ಚೆನ್ನಾಗಿ ಬೇಯಿಸಿ ಮೂಳೆ ಬಿಡಿಸಿ ಹಾಕ್ಬೇಕು, ಇಲ್ಲಾಂದ್ರೆ ಕೀಶ್ ಅಷ್ಟು ಮೆತ್ತಗಿರೋದ್ರೊಳಗೆ ರಬ್ಬರ್ ಸಿಕ್ಕಂಗಾಗತ್ತೆ.

ಸರಸ್ವತಿಪುರಂ_ಹಳೇಬೀದಿ
ಫ್ರಾನ್ಸಲ್ಲಿ ಇದ್ದು ಬಂದೋನು ನಾನು. ಅಲ್ಲಿನ ಈಶಾನ್ಯದ ಲೊರೇನ್ ಸೀಮೆಯ ಕೀಶಲ್ಲಿ ಚಿಕನ್ ಇಲ್ಲ, ಹಂದಿಮಾಂಸದ ತುಣುಕು, ಮೊಟ್ಟೆ, ಕ್ರೀಮ್ ಅಷ್ಟೇ, ಹಳೇ ಕ್ರಮದಲ್ಲಿ ಚೀಸೂ ಹಾಕಲ್ಲ. ಚೀಸ್ ಕಮ್ಮಿ ಮಾಡಿದ್ರೆ ಚಿಕನ್ ರುಚಿ ಗೊತ್ತಾಗತ್ತೆ ಅನ್ನೋದು ನನ್ ಅಭಿಪ್ರಾಯ. ಕೊತ್ತಂಬರಿ ಸೊಪ್ಪು ಬೇಕಾದ್ರೆ ಹಾಕಿ, ಯಾರೂ ಕೇಸ್ ಹಾಕಲ್ಲ.

ಒಂಟಿಕೊಪ್ಪಲ್_ಸೊಸೆ
ಅಬ್ಬಾ ಎಲ್ರಿಗೂ ಥ್ಯಾಂಕ್ಸ್, ಎಲ್ಲಾ ಬರ್ಕೊಂಡೆ. ಶನಿವಾರ ರಾತ್ರಿನೇ ಮಾಡಿಟ್ಟು ಭಾನುವಾರ ಬಿಸಿ ಮಾಡ್ಬೋದಾ? ಬೆಳಿಗ್ಗೆ ಅಡಿಗೆಮನೇಲಿ ಅತ್ತೆ ಜೊತೆ ಜಾಗಕ್ಕೆ ಜಗಳ ಆಗೋದು ಬೇಡ ಅಂತ 😂

ಬೆಣ್ಣೆ_ತುರಿ
ತಳ ಮಾತ್ರ ಶನಿವಾರ ಬೇಕ್ ಮಾಡಿ ಆರಿಸಿ ಡಬ್ಬಿಲಿ ಹೊರಗೇ ಇಡಿ, ಚಿಕನ್ ಈರುಳ್ಳಿ ಹುರಿದು ಫ್ರಿಜ್ಜಿಗೆ. ಭಾನುವಾರ ಹುಯ್ದು ಬೇಕ್ ಮಾಡೋದು ಮುಕ್ಕಾಲು ಗಂಟೆ ಕೆಲಸ, ಅದ್ರಲ್ಲಿ ಸ್ಟವ್ ಬೇಕಾಗೇ ಇಲ್ಲ. ತೆಗೆದ್ಮೇಲೆ 20 ನಿಮಿಷ ಬಿಟ್ಟೇ ಕತ್ತರಿಸಿ. ಉಳಿದ್ರೆ ಫ್ರಿಜ್ಜಲ್ಲಿಟ್ಟು ಮಾರನೇ ದಿನ ಓಟಿಜಿಲಿ 150ರಲ್ಲಿ 15 ನಿಮಿಷ ಬಿಸಿ ಮಾಡಿ, ಮೈಕ್ರೋವೇವಲ್ಲಿ ಬೇಡ, ತಳ ಮೆತ್ತಗಾಗ್ಬಿಡತ್ತೆ.