ಚೆಸ್‌ನಲ್ಲಿ ಮಗಳನ್ನು ಓಪನ್‌ಗೆ ಹಾಕಲಾ, 1600ರ ಒಳಗಿನವರ ಟೂರ್ನಿಗಾ?

ಡೊಂಬಿವಲಿ ಅಪ್ಪ:
ಮಗಳಿಗೆ 10 ವರ್ಷ, ಚೆಸ್ ರೇಟಿಂಗ್ (ಆಟದ ಬಲ ತೋರಿಸುವ ಅಂಕ) 1450. ಎರಡು ಟೂರ್ನಿಗಳೂ ಒಂದೇ ವಾರ ಇವೆ. ಓಪನ್‌ನಲ್ಲಿ ಯಾವ ರೇಟಿಂಗ್‌ನವರೂ ಆಡಬಹುದು, ಮೊದಲ ಸುತ್ತಿಗೇ 1900ರವರು ಸಿಗುತ್ತಾರೆ. ಅನುಭವ ಇದ್ದವರು ಹೇಳಿ.

ಕೋಥ್ರೂಡ್ ಅಮ್ಮ, ಪುಣೆ:
ಓಪನ್ ಬೇಡವೇ ಬೇಡ. ನಮ್ಮ ಮಗನನ್ನು ಕಳೆದ ವರ್ಷ ಮುಂಬಯಿಗೆ ಕರೆದುಕೊಂಡು ಹೋಗಿದ್ದೆ. ಫೀಸು 3,500. ಲಾಡ್ಜ್ ಐದು ರಾತ್ರಿಗೆ 9,000. ಊಟ, ಆಟೋ, ಲೋಕಲ್ ಸೇರಿ 2,400. ಒಟ್ಟು 14,900. ಮೊದಲ ಸುತ್ತು 22 ನಡೆಗೆ ಮುಗಿಯಿತು. ಎರಡನೆಯದರಲ್ಲಿ ಕುದುರೆ ಮುಟ್ಟಿಬಿಟ್ಟ, ಅದನ್ನೇ ನಡೆಸಬೇಕಾಯಿತು, ಮಂತ್ರಿ ಹೋಯಿತು. ಆ ರಾತ್ರಿ ಊಟ ಮಾಡಲಿಲ್ಲ. ನಾಲ್ಕು ತಿಂಗಳು ಬೋರ್ಡ್ ಮುಟ್ಟಲಿಲ್ಲ.

ಮಡಗಾಂವ್ ಅಪ್ಪ:
ನನ್ನ ಮಗಳೂ 1450 ಇದ್ದಾಗ ಓಪನ್ ಆಡಿದಳು. ಇಬ್ಬರ ರೇಟಿಂಗ್ ನಡುವೆ 400ಕ್ಕಿಂತ ಜಾಸ್ತಿ ಅಂತರ ಇದ್ದರೂ 400 ಅಂತಲೇ ಲೆಕ್ಕ. ಮಕ್ಕಳಿಗೆ ಕೆ (ಒಂದು ಆಟಕ್ಕೆ ರೇಟಿಂಗ್ ಎಷ್ಟು ಏರಿಳಿಯುತ್ತದೆ ಅಂತ ತೀರ್ಮಾನಿಸುವ ಗುಣಕ) 40. ಸೋತರೆ ರೇಟಿಂಗ್‌ನಲ್ಲಿ ಹೋಗುವುದು 3.2 ಅಂಕ. ಡ್ರಾ ಆದರೆ 16.8 ಬರುತ್ತದೆ. ಅವಳು 1900ರವರ ಜೊತೆ ಆನೆ ಎಂಡ್‌ಗೇಮ್‌ನಲ್ಲಿ (ಕೆಲವೇ ಕಾಯಿ ಉಳಿದ ಕೊನೆಯ ಹಂತದಲ್ಲಿ) ಡ್ರಾ ಮಾಡಿದಳು, 71 ನಡೆ! 2025ರಲ್ಲಿ ಗೋವಾದಲ್ಲಿ ಚೆಸ್ ವಿಶ್ವಕಪ್ ನಡೆದಾಗ ತಾನೇ ಹಠ ಮಾಡಿ ನೋಡಲು ಬಂದಳು.

ಮುಲುಂಡ್ ಆಟಗಾರ:
ಎದುರು ಕೂರುವ ನಮ್ಮ ಕಷ್ಟವನ್ನೂ ಕೇಳಿ. ನನ್ನ ರೇಟಿಂಗ್ 1900, ಕೆ 20. ಒಂದು ಮಗುವಿಗೆ ಸೋತೆ, 18.4 ಹೋಯಿತು. ಮೂರು ಟೂರ್ನಿ ಆಡಿದರೂ ವಾಪಸ್ ಬರಲಿಲ್ಲ. ಕಾಯಿಗಳನ್ನೆಲ್ಲ ಹೊಡೆದುಕೊಂಡು ಡ್ರಾ ಮಾಡು ಅಂತ ಕಳಿಸುತ್ತೀರಿ. ಅದು ಆಟವಾ? ಬಲವಾದವರ ಎದುರು ಅಭ್ಯಾಸ ಬೇಕಿದ್ದರೆ ಮನೆಯಲ್ಲಿ ನಿಮ್ಮ ಒಂದು ಆನೆ ತೆಗೆದಿಟ್ಟು ಮಕ್ಕಳ ಜೊತೆ ಆಡಿ. ನನ್ನ ತಮ್ಮನಿಗೆ ನಾನು ಹಾಗೇ ಕಲಿಸಿದೆ.

ಮಡಗಾಂವ್ ಅಪ್ಪ:
ನನ್ನ ಮಗಳು 71 ನಡೆ ಹೋರಾಡಿದ್ದಾಳೆ ಸಾರ್, ಭಿಕ್ಷೆ ಬೇಡಿಲ್ಲ. ಆನೆ ಬಿಟ್ಟುಕೊಟ್ಟು ಆಡಿದರೆ ಓಪನಿಂಗೇ (ಆಟದ ಮೊದಲ ನಡೆಗಳು) ಕೆಡುತ್ತದೆ. ಗಡಿಯಾರದಲ್ಲಿ ಬಿಟ್ಟುಕೊಡಿ. ನಾನು 3 ನಿಮಿಷ ಇಟ್ಟುಕೊಳ್ಳುತ್ತೇನೆ, ಅವಳಿಗೆ 15.

ಮುಲುಂಡ್ ಆಟಗಾರ:
3 ನಿಮಿಷದಲ್ಲಿ ನೀವೇ ತಪ್ಪು ಆಡುತ್ತೀರಿ. ಅವಳು ಕಲಿಯುವುದು ನಿಮ್ಮ ತಪ್ಪನ್ನೇ.

ಕೋಥ್ರೂಡ್ ಅಮ್ಮ:
ಇಬ್ಬರೂ ಬರೀ ಅಂಕ, ಗಡಿಯಾರ ಅಂತೀರಲ್ಲ. ಅಳುವ ಮಗುವನ್ನು ಲಾಡ್ಜ್‌ಗೆ ಕರೆದುಕೊಂಡು ಹೋಗಿದ್ದೀರಾ?

ಮಡಗಾಂವ್ ಅಪ್ಪ:
ಹೋಗಿದ್ದೇನೆ ಅಕ್ಕಾ, ಎರಡು ಸಲ. ರಾತ್ರಿ ಜೊತೆಗೆ ಕೂತು ಸೋತ ಆಟವನ್ನೇ ಬೋರ್ಡ್ ಮೇಲೆ ಆಡಿಸಿದೆ. ನಿಮ್ಮ ಮಗನ ಆ 22 ನಡೆಯ ಹಾಳೆ ಹಾಕಿ, ಎಲ್ಲಿ ತಪ್ಪಿತು ನೋಡೋಣ.

ಕೋಥ್ರೂಡ್ ಅಮ್ಮ:
ಹಾಳೆಯನ್ನು ಅವನು ಅಲ್ಲೇ ಹರಿದು ಹಾಕಿದ.