ಕೈಗೆ ಬಂದ ಮೀನು ದೋಣಿಗೆ ಬರ್ತಿಲ್ಲ, ಸಹಾಯ ಬೇಕು

ನಮಸ್ಕಾರ. ನಾನಿರೋದು ಹೂಸ್ಟನ್‌ನಲ್ಲಿ. ಹೋದ ಶನಿವಾರ ಟೆಕ್ಸಸ್ ಕರಾವಳಿಯ ರಾಕ್‌ಪೋರ್ಟ್ ಹತ್ತಿರ ಗೈಡ್ ಜೊತೆ ರೆಡ್‌ಫಿಶ್ ಅನ್ನೋ ಸಮುದ್ರದ ಮೀನು ಹಿಡಿಯೋಕೆ ಹೋಗಿದ್ದೆ, ಫ್ಲೈ ರಾಡ್‌ನಲ್ಲಿ (ಗರಿ, ನೂಲಿನಿಂದ ಕಟ್ಟಿದ ಹಗುರವಾದ ನಕಲಿ ಎರೆ, ಅಂದ್ರೆ ಫ್ಲೈ, ಎಸೆಯೋ ಗಾಳದ ಕೋಲು). ಮೊಣಕಾಲುದ್ದವೂ ಇಲ್ಲದ ಉಪ್ಪುನೀರು, ತಳದಲ್ಲಿ ಹುಲ್ಲು. ಏಡಿ ಹುಡುಕ್ತಾ ಮೀನು ತಲೆ ತಗ್ಗಿಸಿದಾಗ ಬಾಲ ನೀರಿನ ಮೇಲೆ ಅಲ್ಲಾಡುತ್ತೆ, ಅದರ ಬುಡದಲ್ಲಿ ಕಪ್ಪು ಚುಕ್ಕೆ. ಅದು ಕಂಡ್ರೆ ನನ್ನ ಕೈಕಾಲು ನಡುಗುತ್ತೆ, ಸುಳ್ಳಲ್ಲ.

ಎಸೆತ ಪರವಾಗಿಲ್ಲ. ಗೈಡ್ "ಹನ್ನೊಂದು ಗಂಟೆ ದಿಕ್ಕು, 40 ಅಡಿ" ಅಂದ್ರೆ (ದೋಣಿಯ ಮುಂಭಾಗ ಹನ್ನೆರಡು ಗಂಟೆ ಅಂತ ಲೆಕ್ಕ) ಗಾಳಿ ಇದ್ರೂ ಸುಮಾರಾಗಿ ಅಲ್ಲೇ ಬೀಳುತ್ತೆ. 8 ವೇಟ್ ರಾಡ್ (ವೇಟ್ ಅಂದ್ರೆ ಕೋಲಿನ ಬಲದ ಅಳತೆ), 9 ಅಡಿ ಲೀಡರ್ (ದಪ್ಪ ದಾರಕ್ಕೂ ಫ್ಲೈಗೂ ನಡುವೆ ಕಟ್ಟೋ ತೆಳು ದಾರ). ತೊಂದರೆ ಆಮೇಲಿನದು. ಚಿಕ್ಕಂದಿನಲ್ಲಿ ತುಂಗಾ ದಡದಲ್ಲಿ ಬೆಂಡು ಮುಳುಗಿದ ಕೂಡ್ಲೇ ಗಾಳದ ಕೋಲು ಮೇಲಕ್ಕೆತ್ತಿ ಬೆಳೆದವನು ನಾನು. ಇಲ್ಲಿ ಕೋಲು ಎತ್ತಬಾರದಂತೆ, ತುದಿ ನೀರಿನ ಕಡೆಗೇ ಇಟ್ಟು ಎಡಗೈಯಲ್ಲಿ ದಾರ ಎಳೀಬೇಕಂತೆ. ಮೊದಲ ಎರಡು ಮೀನು ಕೋಲೆತ್ತಿಯೇ ಕಳ್ಕೊಂಡೆ. ಮನೆ ಹಿತ್ತಲಲ್ಲಿ ಮಗನ ಕೈಗೆ ದಾರದ ತುದಿ ಕೊಟ್ಟು ಜಗ್ಗಿಸಿ ಅಭ್ಯಾಸ ಮಾಡಿದೆ (ಅವನಿಗೆ ಭಾರೀ ಖುಷಿ). ಮತ್ತೆ ಹೋದಾಗ ಕೋಲೇನೋ ಎತ್ತಲಿಲ್ಲ. ಆದ್ರೆ ಮೀನು ತಿರುಗಿದ್ದು ಕಂಡ ತಕ್ಷಣ ಎಳೆದೆ, ಫ್ಲೈ ಬಾಯಿಂದಾಚೆ ಬಂತು, ಮೀನು ಕೆಸರೆಬ್ಬಿಸಿ ಓಡ್ತು. ಇನ್ನೊಂದಕ್ಕೆ ಕಾದೆ, ಅದು ಉಗುಳಿ ಹೋಯ್ತು.

ಅನುಭವ ಇರೋರು ಹೇಳಿ: ಕಣ್ಣಿಗೆ ಕಂಡಾಗ ಎಳೀಬೇಕಾ, ಇಲ್ಲಾ ದಾರದಲ್ಲಿ ಭಾರ ಗೊತ್ತಾಗೋ ತನಕ ನಿಧಾನಕ್ಕೆ ಎಳೀತಾನೇ ಇರಬೇಕಾ? ನೀರು ಕದಡಿ ಮೀನಿನ ಬಾಯಿ ಕಾಣದಿದ್ದಾಗ ಏನು ನೋಡ್ಕೊಂಡು ಎಳೀತೀರಿ?