ಮೂವತ್ತು ದಾಟಿದ ಮೇಲೂ ವಿಡಿಯೋ ಗೇಮ್ ಆಡೋದು ಹುಡುಗಾಟನಾ?

ನವನಗರದವ, ಬಾಗಲಕೋಟೆ
ನನಗೆ 34. ನೌಕರಿ ಇದೆ, ಮಗಳು ಒಂದನೇ ಕ್ಲಾಸು. ರಾತ್ರಿ ಅವಳು ಮಲಗಿದ ಮೇಲೆ ಲ್ಯಾಪ್‌ಟಾಪಿನಲ್ಲಿ ಒಂದು ತಾಸು ಗೇಮ್ ಆಡುತ್ತೇನೆ, ಅದೂ ಹಳೇದು, 2006ರಲ್ಲಿ ಬಂದ ಇಎ ಕ್ರಿಕೆಟ್ 07, ಪ್ಯಾಚ್ ಹಾಕಿ ಈಗಿನ ಟೀಮುಗಳನ್ನು ಸೇರಿಸಿಕೊಂಡಿದ್ದೇನೆ. ಮೊನ್ನೆ ಊರಿಂದ ಬಂದ ಮಾವನವರು ನೋಡಿ "ಏನ್ರೀ ಅಳಿಯಂದ್ರ, ಇನ್ನೂ ಹುಡುಗಾಟ ಬಿಟ್ಟಿಲ್ಲೇನು?" ಅಂದರು. ನಗುತ್ತಲೇ ಅಂದರು, ಆದ್ರೆ ಹೆಂಡತಿ ಎದುರಿಗೆ. ಅದೇ ಮಾವನವರು ಹನ್ನೊಂದರ ತನಕ ಸೋಫಾ ಮೇಲೆ ರೀಲ್ಸ್ ನೋಡುತ್ತಾರೆ, ವಾಲ್ಯೂಮ್ ಫುಲ್. ಅದಕ್ಕೆ ಯಾರೂ ಏನೂ ಅನ್ನಲ್ಲ. ನಿಮಗೇನನ್ನಿಸುತ್ತೆ?

ಗುಮ್ಮಟದ ಹುಡುಗ, ವಿಜಯಪುರ
ಅಣ್ಣಾ, ನಮ್ಮ ಓಣಿ ಕಟ್ಟೆ ಮೇಲೆ ಅರವತ್ತು ದಾಟಿದವರು ಮಧ್ಯಾಹ್ನದಿಂದ ದೀಪ ಹಚ್ಚೋ ತನಕ ಇಸ್ಪೀಟು ಆಡುತ್ತಾರೆ. ಎಲೆ ಬಡಿಯೋ ರಭಸ ನೋಡಬೇಕು, ಜಗಳ ಬೇರೆ. ಅವರಿಗೆ ಹುಡುಗಾಟ ಅನ್ನೋ ಧೈರ್ಯ ಯಾರಿಗಿದೆ? 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಇ-ಸ್ಪೋರ್ಟ್ಸ್‌ಗೆ ಅಂದ್ರೆ ವಿಡಿಯೋ ಗೇಮ್ ಸ್ಪರ್ಧೆಗೇ ಪದಕ ಕೊಟ್ಟರು ಅಂತ ಮಾವನವರಿಗೆ ಹೇಳಿ. ಒಪ್ಪಲ್ಲ, ಆದ್ರೂ ಹೇಳಿ.

ಟಿಳಕವಾಡಿ ಅಕ್ಕ, ಬೆಳಗಾವಿ
ಪದಕದ ಮಾತು ಬಿಡ್ರಿ, ಇವರೇನು ಏಷ್ಯನ್ ಗೇಮ್ಸ್‌ಗೆ ಹೊರಟಿಲ್ಲವಲ್ಲ. ನಮ್ಮ ಮನೆಯವರೂ ಆಡುತ್ತಾರೆ. ಆಡೋದಕ್ಕೆ ನನ್ನ ತಕರಾರಿಲ್ಲ. ಆದ್ರೆ ಹೆಡ್‌ಫೋನ್ ಹಾಕಿಕೊಂಡು ಕೂತರೆ ಗ್ಯಾಸಿನವನು ಬೆಲ್ ಬಾರಿಸಿ ವಾಪಸ್ ಹೋದರೂ ಗೊತ್ತಾಗಲ್ಲ, ಊಟಕ್ಕೆ ಕರೆದರೆ "ಈ ಮ್ಯಾಚ್ ಮುಗೀಲಿ" ಅಂತಾರೆ, ಅಷ್ಟರಲ್ಲಿ ಬಿಸಿ ರೊಟ್ಟಿ ಆರಿ ಸೆಟೆದು ಹೋಗಿರುತ್ತೆ. ಆನ್‌ಲೈನ್ ಮ್ಯಾಚನ್ನು ಮಧ್ಯದಲ್ಲಿ ನಿಲ್ಲಿಸೋಕಾಗಲ್ಲ ಅಂತ ನನಗೂ ಗೊತ್ತು. ಹಾಗಾದ್ರೆ ಊಟದ ಹೊತ್ತಿಗೆ ಶುರು ಮಾಡಬಾರದು ಅಲ್ವಾ? ವಿಶ್ವ ಆರೋಗ್ಯ ಸಂಸ್ಥೆ ಗೇಮಿಂಗ್ ಡಿಸಾರ್ಡರ್ ಅಂತ ಕಾಯಿಲೆಗಳ ಪಟ್ಟಿಗೆ ಸೇರಿಸಿದೆ. ಅಲ್ಲಿ ನಿಮ್ಮ ವಯಸ್ಸು ಎಷ್ಟು ಅಂತ ಕೇಳಲ್ಲ. ಹಿಡಿತ ತಪ್ಪಿದೆಯಾ, ಉಳಿದೆಲ್ಲಕ್ಕಿಂತ ಗೇಮೇ ಮುಂದಾಗಿದೆಯಾ, ತೊಂದರೆ ಆದರೂ ಬಿಡೋಕಾಗ್ತಿಲ್ವಾ, ಅದೂ ಸಾಮಾನ್ಯವಾಗಿ 12 ತಿಂಗಳಾದರೂ ಹೀಗೇ ನಡೆದಿದೆಯಾ ಅಂತ ನೋಡುತ್ತಾರೆ. ರಾತ್ರಿ ಒಂದು ತಾಸು ಅದರಲ್ಲಿ ಬರಲ್ಲ. ಸುಮ್ನೆ ಆಡ್ರಿ.

ಕಬ್ಬಿನ ಹೊಲ, ಜಮಖಂಡಿ
ನಾನು ಫಾರ್ಮಿಂಗ್ ಸಿಮ್ಯುಲೇಟರ್ 19 ಆಡುತ್ತೇನೆ. ಹಗಲೆಲ್ಲ ಹೊಲ, ರಾತ್ರಿ ಮತ್ತೆ ಹೊಲ, ನಗಬೇಡಿ. ಅದರಲ್ಲಿ ಕಬ್ಬೂ ಇದೆ. ಕಟಾವಿನ ಗ್ಯಾಂಗಿಗೆ ಅಡ್ವಾನ್ಸ್ ಇಲ್ಲ, ಫ್ಯಾಕ್ಟರಿ ಗೇಟಿನ ಮುಂದೆ ಟ್ರ್ಯಾಕ್ಟರ್ ಸಾಲಿನಲ್ಲಿ ರಾತ್ರಿ ಕಳೆಯೋದಿಲ್ಲ, ಕಬ್ಬು ಸುರಿದ ಕೂಡಲೇ ಬಿಲ್ಲು! ಮೊದಲು ಅಪ್ಪ ಬೈಯುತ್ತಿದ್ದರು. ಈಗ ಹಿಂದೆ ನಿಂತು "ಸಾಲು ಸೊಟ್ಟ ಆತು ನೋಡು" ಅಂತಾರೆ.

ಇನ್ನೊಂದು. ದುಡ್ಡು ಹಚ್ಚಿ ಆಡೋದು ಬೇರೆ, ಇದು ಬೇರೆ. 2025ರ ಆಗಸ್ಟ್‌ನಲ್ಲಿ ಕೇಂದ್ರ ತಂದ ಕಾನೂನೇ ದುಡ್ಡಿನ ಆನ್‌ಲೈನ್ ಆಟ ನಿಷೇಧಿಸಿ, ಇ-ಸ್ಪೋರ್ಟ್ಸ್‌ಗೆ ಮಾನ್ಯತೆ ಕೊಟ್ಟಿದೆ. ಹಿರಿಯರಿಗೆ ಎರಡೂ ಒಂದೇ ಥರ ಕಾಣುತ್ತೆ. ಮಾವನವರಿಗೆ ಆ ಹೆದರಿಕೆ ಇರಬಹುದು, ಒಮ್ಮೆ ಪಕ್ಕದಲ್ಲಿ ಕೂರಿಸಿಕೊಂಡು ತೋರಿಸಿ.

ನವನಗರದವ
ಹೌದಲ್ಲ, "ಇದಕ್ಕ ರೊಕ್ಕ ಹೋಗತೈತೇನು?" ಅಂತಲೂ ಕೇಳಿದ್ದರು. ಮುಂದಿನ ಸಲ ಬಂದಾಗ ಬ್ಯಾಟಿಂಗ್ ಅವರಿಗೇ ಕೊಡುತ್ತೇನೆ. ಅಕ್ಕಾರ, ನನ್ನ ಕ್ರಿಕೆಟ್ಟಿಗೆ ಮಧ್ಯದಲ್ಲಿ ನಿಲ್ಲಿಸೋ ಬಟನ್ ಇದೆ, ಬಚಾವ್.